ಓಟದ ನಡುವೆ ನೀರು ಸಾಕೇ, ಸ್ಪೋರ್ಟ್ಸ್ ಡ್ರಿಂಕ್ ಬೇಕೇ?

ಪ್ರಶ್ನೆ: ನನಗೆ 42 ವರ್ಷ. ವಾರದಲ್ಲಿ ನಾಲ್ಕು ದಿನ ಬೆಳಿಗ್ಗೆ ಮುಕ್ಕಾಲು ಗಂಟೆ ಓಡುತ್ತೇನೆ. ಈಗ ಹಾಫ್ ಮ್ಯಾರಥಾನ್‌ಗೆ ಸಿದ್ಧತೆ ನಡೆಸಿದ್ದೇನೆ. ಜೊತೆಗೆ ಓಡುವವರಲ್ಲಿ ಕೆಲವರು ಸ್ಪೋರ್ಟ್ಸ್ ಡ್ರಿಂಕ್, ಕೆಲವರು ಎಳನೀರು, ಇನ್ನು ಕೆಲವರು ಓಆರ್‌ಎಸ್ ಕುಡಿಯುವಂತೆ ಹೇಳುತ್ತಾರೆ. ಬರೀ ನೀರು ಸಾಲದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮುಕ್ಕಾಲು ಗಂಟೆಯ ಓಟಕ್ಕೆ ನೀರೇ ಸಾಕು. ಆ ಅವಧಿಯಲ್ಲಿ ಬೆವರಿನೊಂದಿಗೆ ಹೋಗುವ ಉಪ್ಪನ್ನು ನಂತರದ ಊಟ ತಿಂಡಿಯೇ ತುಂಬಿಕೊಡುತ್ತದೆ. ಸ್ನಾಯುಗಳಲ್ಲಿ ಶೇಖರವಾಗಿರುವ ಶಕ್ತಿಯೂ ಅಷ್ಟು ಹೊತ್ತಿಗೆ ಬರಿದಾಗುವುದಿಲ್ಲ.

ಓಟ ಒಂದೂವರೆ ಎರಡು ಗಂಟೆಗೆ ಬೆಳೆದಾಗ, ಅದರಲ್ಲೂ ಬೇಸಿಗೆಯಲ್ಲಿ, ಲೆಕ್ಕ ಬದಲಾಗುತ್ತದೆ. ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಒಳಗೆ ಸಾಗುವ ವ್ಯವಸ್ಥೆಯಿದ್ದು, ಅವುಗಳ ಹಿಂದೆಯೇ ನೀರೂ ರಕ್ತವನ್ನು ಸೇರುತ್ತದೆ. ಸ್ಪೋರ್ಟ್ಸ್ ಡ್ರಿಂಕ್‌ಗಳು ನಿಂತಿರುವುದು ಈ ತತ್ತ್ವದ ಮೇಲೆ. 1965ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಕೇಡ್ ಮತ್ತು ಸಂಗಡಿಗರು ಫುಟ್‌ಬಾಲ್ ಆಟಗಾರರಿಗಾಗಿ ಗೇಟರೇಡ್ ರೂಪಿಸಿದಾಗಲೂ ನೀರು, ಉಪ್ಪು, ಸಕ್ಕರೆಗಳೇ ಅದರ ತಿರುಳಾಗಿದ್ದವು. ಸಾಮಾನ್ಯವಾಗಿ ಇಂಥ ಪಾನೀಯಗಳಲ್ಲಿ ಶೇ 6ರಿಂದ 8ರಷ್ಟು ಸಕ್ಕರೆ ಇರುತ್ತದೆ. ಅದಕ್ಕಿಂತ ಸಿಹಿಯಾದ ತಂಪು ಪಾನೀಯ ಮತ್ತು ಹಣ್ಣಿನ ರಸಗಳು ಹೊಟ್ಟೆಯಿಂದ ಕರುಳಿಗೆ ನಿಧಾನವಾಗಿ ಇಳಿಯುವುದರಿಂದ ಓಡುವಾಗ ಹೊಟ್ಟೆ ಭಾರವಾಗಿ ತೊಳಸಬಹುದು.

ಎಳನೀರು ಒಳ್ಳೆಯದೇ. ಆದರೆ ಅದರಲ್ಲಿ ಹೇರಳವಾಗಿರುವುದು ಪೊಟ್ಯಾಸಿಯಂ. ಬೆವರಿನಲ್ಲಿ ಹೆಚ್ಚಾಗಿ ಹೋಗುವುದು ಸೋಡಿಯಂ. ಆದ್ದರಿಂದ ದೀರ್ಘ ಓಟದ ನಂತರ ಎಳನೀರಿನ ಜೊತೆಗೆ ಉಪ್ಪಿನಂಶವಿರುವ ತಿಂಡಿಯೂ ಇರಲಿ. ಉಪ್ಪು ಬೆರೆಸಿದ ಮಜ್ಜಿಗೆಯೂ ಆ ಹೊತ್ತಿಗೆ ಚೆನ್ನಾಗಿ ಒಗ್ಗುತ್ತದೆ.

ಓಆರ್‌ಎಸ್ ಇರುವುದು ವಾಂತಿಭೇದಿಯಿಂದ ಬಳಲಿದವರಿಗಾಗಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿನಲ್ಲಿ 2.6 ಗ್ರಾಂ ಉಪ್ಪು ಮತ್ತು 13.5 ಗ್ರಾಂ ಗ್ಲೂಕೋಸ್ ಇರುತ್ತವೆ. ಎಂದರೆ, ಸ್ಪೋರ್ಟ್ಸ್ ಡ್ರಿಂಕ್‌ಗಿಂತ ಇದರಲ್ಲಿ ಸೋಡಿಯಂ ಬಹಳ ಹೆಚ್ಚು, ಓಟಕ್ಕೆ ಬೇಕಾದ ಶಕ್ತಿ ಬಹಳ ಕಡಿಮೆ. ಹೆಸರಿನಲ್ಲಿ ಓಆರ್‌ಎಸ್ ಎಂದಿದ್ದೂ ಈ ಸೂತ್ರವನ್ನು ಪಾಲಿಸದ ಸಿಹಿ ಪಾನೀಯಗಳು ಮಾರಾಟವಾಗುತ್ತಿದ್ದ ಕಾರಣ, 2025ರ ಅಕ್ಟೋಬರ್‌ನಲ್ಲಿ ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವು ಆ ಪದದ ಬಳಕೆಯನ್ನು ಅಂಥ ಉತ್ಪನ್ನಗಳಿಗೆ ನಿಷೇಧಿಸಿತು. ಇದು ತಡವಾಗಿಯಾದರೂ ಬಂದ ಅಗತ್ಯವಾದ ಕ್ರಮವೆಂದೇ ನನ್ನ ಭಾವನೆ.

ನನಗೆ ಹೆಚ್ಚು ಕಳವಳವಿರುವುದು ಮಿತಿಮೀರಿ ಕುಡಿಯುವ ಅಭ್ಯಾಸದ ಬಗ್ಗೆ. ಬಾಯಾರಿಕೆ ಇಲ್ಲದಿದ್ದರೂ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ ಕಾಣಿಸಿಕೊಳ್ಳಬಹುದು. ವಿಪರೀತಕ್ಕೆ ಹೋದರೆ ಪ್ರಾಣಕ್ಕೂ ಅಪಾಯ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ರಕ್ತಪರೀಕ್ಷೆಗೆ ಒಳಗಾದ 488 ಓಟಗಾರರ ಪೈಕಿ ಶೇ 13ರಷ್ಟು ಮಂದಿಯಲ್ಲಿ ಸೋಡಿಯಂ ಕುಸಿದಿತ್ತು. ಸ್ಪೋರ್ಟ್ಸ್ ಡ್ರಿಂಕ್‌ನ ಸೋಡಿಯಂ ರಕ್ತದಲ್ಲಿರುವುದಕ್ಕಿಂತ ತೀರಾ ಕಡಿಮೆಯಾದ್ದರಿಂದ, ಅದನ್ನು ಅತಿಯಾಗಿ ಕುಡಿದರೂ ಇದೇ ತೊಂದರೆಯಾಗುತ್ತದೆ.

ಓಟದ ಮುನ್ನ ಮತ್ತು ನಂತರ ತೂಕ ನೋಡಿಕೊಳ್ಳಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ನಷ್ಟವಾಗಿದೆ ಎಂದು ತಿಳಿಯಬಹುದು. ತೂಕ ಏರಿದ್ದರೆ ಅಗತ್ಯಕ್ಕಿಂತ ಹೆಚ್ಚು ಕುಡಿದಿದ್ದೀರಿ. ದೀರ್ಘ ಓಟಕ್ಕೆ ಮನೆಯಲ್ಲೇ ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು ಮತ್ತು ನಿಂಬೆರಸ ಬೆರೆಸಿಕೊಳ್ಳಬಹುದು. ರಕ್ತದೊತ್ತಡ, ಮಧುಮೇಹ ಅಥವಾ ಮೂತ್ರಪಿಂಡದ ತೊಂದರೆಯಿದ್ದರೆ ಮೊದಲು ವೈದ್ಯರನ್ನು ಕೇಳಿ. ಯಾವ ಪಾನೀಯವನ್ನೇ ಆಯ್ದುಕೊಂಡರೂ ಅದನ್ನು ಅಭ್ಯಾಸದ ದಿನಗಳಲ್ಲೇ ಕುಡಿದು ನೋಡಿ. ಸ್ಪರ್ಧೆಯ ದಿನ ಹೊಸದನ್ನು ಪ್ರಯೋಗಿಸಬೇಡಿ.