ಫಿಟ್ ಟೆಸ್ಟ್ ಪಾಸಿಟಿವ್ ಬಂದಿದೆ, ಮತ್ತೊಮ್ಮೆ ಮಾಡಿಸಲಾ?

ಪ್ರಶ್ನೆ: ನನಗೆ 56 ವರ್ಷ. ಮಲದಲ್ಲಿ ರಕ್ತ ಇದೆಯಾ ಎಂದು ನೋಡುವ ಫಿಟ್ ಟೆಸ್ಟ್ ಪಾಸಿಟಿವ್ ಬಂದಿದೆ. ಕಣ್ಣಿಗೆ ರಕ್ತ ಕಂಡೇ ಇಲ್ಲ. ಪೈಲ್ಸ್ ಇರಬೇಕು, ಇನ್ನೊಂದು ಸಲ ಟೆಸ್ಟ್ ಮಾಡಿಸಿದರೆ ಸಾಲದೇ?

ಉತ್ತರ: ಸಾಲದು. ದಯವಿಟ್ಟು ಕೊಲೊನೊಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಿ. ಕಣ್ಣಿಗೆ ಕಾಣದಷ್ಟು ರಕ್ತ ಹಿಡಿಯಲೆಂದೇ ಈ ಟೆಸ್ಟ್ ಇರುವುದು. ಕರುಳಿನ ಗಡ್ಡೆಯಾಗಲಿ ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು) ಆಗಲಿ ದಿನಾ ರಕ್ತ ಸುರಿಸುವುದಿಲ್ಲ, ಒಂದು ದಿನ ಒಸರಿ ನಾಲ್ಕು ದಿನ ಸುಮ್ಮನಿರಬಹುದು, ಹಾಗಾಗಿ ಎರಡನೇ ಸಲ ನೆಗೆಟಿವ್ ಬಂದರೂ ಮೊದಲಿನದನ್ನು ಮರೆಯುವಂತಿಲ್ಲ. ಪೈಲ್ಸ್ ಜೊತೆಗೇ ಪಾಲಿಪ್ ಕೂಡ ಇರಬಹುದು ಅಲ್ವಾ? ಹೆದರಬೇಡಿ, ಪಾಸಿಟಿವ್ ಬಂದವರಲ್ಲಿ ಜಾಸ್ತಿ ಜನಕ್ಕೆ ಕ್ಯಾನ್ಸರ್ ಇರುವುದಿಲ್ಲ. ಪಾಲಿಪ್ ಸಿಕ್ಕರೆ ಸಾಮಾನ್ಯವಾಗಿ ಆಗಲೇ ಕತ್ತರಿಸಿ ತೆಗೆಯುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ನೀವಾಗೇ ನಿಲ್ಲಿಸಬೇಡಿ.