ಅಮೆರಿಕದಲ್ಲಿ ಬೇಸ್‌ಬಾಲ್ ಆಡಿದ ರಿಂಕು ಸಿಂಗ್ ನಿಜಕ್ಕೂ ಎಲ್ಲಿಯವರೆಗೆ ಹೋದರು? ಅದೆಲ್ಲ ಬರೀ ಪ್ರಚಾರವಾ?

ಬರೀ ಪ್ರಚಾರ ಖಂಡಿತ ಅಲ್ಲ. ಶುರುವಾಗಿದ್ದು ಪ್ರಚಾರದಿಂದಲೇ, ಅದು ನಿಜ. ಆದರೆ 2012ರ ಹೊತ್ತಿಗೆ ರಿಂಕು ಒಳ್ಳೆಯ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವರು, ಆಗಿದ್ದರು. ಅವರಿಗೆ ಅಡ್ಡ ಬಂದಿದ್ದು ಕೈಗೆ ಆದ ಗಾಯ. "ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡದವರನ್ನು ಯಾಕೆ ಇಷ್ಟು ಹೊಗಳುತ್ತಾರೆ" ಅಂತಲೂ ಕೇಳಿದ್ದೀರಿ. ಮೇಜರ್ ಲೀಗ್ ಅಂದರೆ ಅಮೆರಿಕದ ಬೇಸ್‌ಬಾಲ್‌ನ ಅತಿ ಮೇಲಿನ ಹಂತ. ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರವೇ ಬೇಕು.

ಮೊದಲಿಗೆ ಒಂದು ಮಾತು. ಐಪಿಎಲ್ ಆಡುವ ರಿಂಕು ಸಿಂಗ್ ಬೇರೆ, ಅವರು ಅಲಿಗಢದವರು. ಇವರು ಉತ್ತರ ಪ್ರದೇಶದ ಭದೋಹಿ ಕಡೆಯವರು. ಜಾವೆಲಿನ್ ಎಸೆಯುತ್ತಿದ್ದ ಎಡಗೈ ಹುಡುಗ. 2008ರಲ್ಲಿ ಬೇಸ್‌ಬಾಲ್ ಪಿಚರ್‌ಗಳನ್ನು ಹುಡುಕಲು ನಡೆಸಿದ ಒಂದು ಟಿವಿ ಸ್ಪರ್ಧೆಯಲ್ಲಿ ಸಾವಿರಾರು ಜನರ ನಡುವೆ ಗೆದ್ದು ಒಂದು ಲಕ್ಷ ಡಾಲರ್ ಪಡೆದರು. ಆಗ ಅವರ ಚೆಂಡಿನ ವೇಗ ಗಂಟೆಗೆ 87 ಮೈಲಿ, ಅಂದರೆ ಸುಮಾರು 140 ಕಿ.ಮೀ. ಬೇಸ್‌ಬಾಲ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಅವರ ಜೊತೆ ಇನ್ನೊಬ್ಬ ಜಾವೆಲಿನ್ ಹುಡುಗ ದಿನೇಶ್ ಪಟೇಲ್ ಕೂಡ ಕ್ಯಾಲಿಫೋರ್ನಿಯಾಕ್ಕೆ ಹೋದರು. ಟಾಮ್ ಹೌಸ್ ಎಂಬ ಹೆಸರಾಂತ ಪಿಚಿಂಗ್ ಕೋಚ್ ಕೈಯಲ್ಲಿ ಇಬ್ಬರೂ ಕಲಿತರು. ಅದೇ ವರ್ಷ ನವೆಂಬರ್‌ನಲ್ಲಿ ಮೇಜರ್ ಲೀಗ್ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್ ಇಬ್ಬರಿಗೂ ಒಪ್ಪಂದ ಕೊಟ್ಟಿತು. ನಾನಿರುವುದು ಪಿಟ್ಸ್‌ಬರ್ಗ್ ಹತ್ತಿರ. ಪೈರೇಟ್ಸ್ ಇಲ್ಲಿಯ ತಂಡ ಆದ್ದರಿಂದ ಇವರ ಸುದ್ದಿಯನ್ನು ನಾನು ಯಾವತ್ತೂ ಬಿಟ್ಟಿಲ್ಲ.

ಜೋರಾಗಿ ಎಸೆಯಲು ಬಂದರೆ ಪಿಚರ್ ಆಗಿಬಿಡಬಹುದು ಅಂತ ಇಲ್ಲಿ ಹಲವರು ಅಂದುಕೊಳ್ಳುತ್ತಾರೆ. ಜಾವೆಲಿನ್‌ನಲ್ಲಿ ಓಡಿ ಬರುತ್ತೀರಿ, ಆ ಓಟದ ಬಲವೆಲ್ಲ ಕೈಗೆ ಬರುತ್ತದೆ. ಪಿಚರ್‌ಗೆ ಓಟವೇ ಇಲ್ಲ. ಮಣ್ಣಿನ ದಿಬ್ಬದ ಮೇಲೆ ಒಂದು ರಬ್ಬರ್ ಪಟ್ಟಿ ಇರುತ್ತದೆ, ಅದಕ್ಕೆ ಕಾಲು ತಾಗಿಸಿ ನಿಂತ ಜಾಗದಿಂದಲೇ ಎಸೆಯಬೇಕು. 18.4 ಮೀಟರ್ ದೂರದಲ್ಲಿ, ಬ್ಯಾಟರ್‌ನ ಮೊಣಕಾಲಿಗೂ ಎದೆಗೂ ನಡುವೆ, ನೆಲದಲ್ಲಿರುವ 43 ಸೆಂ.ಮೀ. ಅಗಲದ ಹಲಗೆ, ಅಂದರೆ ಹೋಮ್ ಪ್ಲೇಟ್, ಮೇಲಿಂದ ಚೆಂಡು ಹೋಗಬೇಕು. ಅದೂ ನೂರು ಸಲ ಎಸೆದರೂ ಹಾಗೇ ಬೀಳಬೇಕು. ವೇಗ ಒಂದೇ ಇದ್ದರೆ ಬ್ಯಾಟರ್ ಎರಡನೇ ಸಲಕ್ಕೇ ಅದರ ಲೆಕ್ಕ ಹಿಡಿದುಬಿಡುತ್ತಾನೆ. ಹಾಗಾಗಿ ಕೈಯ ಓಟ ಬದಲಾಗದಂತೆ ನಿಧಾನವಾದ ಚೇಂಜಪ್ ಎಸೆಯಬೇಕು, ಪಕ್ಕಕ್ಕೆ ತಿರುಗುವ ಸ್ಲೈಡರ್ ಎಸೆಯಬೇಕು. ಬೇಸ್ ಮೇಲಿರುವ ಓಟಗಾರನ ಮೇಲೆ ಕಣ್ಣಿಡಬೇಕು, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಬೆರಳಲ್ಲಿ ಮಾಡುವ ಸನ್ನೆ ಓದಬೇಕು. ಅಮೆರಿಕದ ಹುಡುಗರು ಇದನ್ನೆಲ್ಲ ಏಳೆಂಟನೇ ವಯಸ್ಸಿನಿಂದಲೇ ಕಲಿಯುತ್ತಾರೆ. ರಿಂಕು ಶುರು ಮಾಡಿದಾಗ ಅವರಿಗೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ.

ಮೇಜರ್ ಲೀಗ್‌ಗೆ ಆಟಗಾರರನ್ನು ತಯಾರು ಮಾಡುವುದು ಮೈನರ್ ಲೀಗ್. ಆಗ ಅದರಲ್ಲಿ ಹಲವು ಮೆಟ್ಟಿಲು. ಕೆಳಗೆ ರೂಕಿ ಲೀಗ್, ಅದರ ಮೇಲೆ ಶಾರ್ಟ್ ಸೀಸನ್, ಲೋ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ. ಅದರ ಮೇಲೆ ಮೇಜರ್ ಲೀಗ್. ಈ ಹಂತಗಳಲ್ಲಿ ಮೇಜರ್ ತಂಡಗಳಿಗೆ ತಮ್ಮ ತಮ್ಮ ಕೆಳ ತಂಡಗಳು ಇರುತ್ತಿದ್ದವು. 2021ರಲ್ಲಿ ಇದನ್ನೆಲ್ಲ ಕಡಿತ ಮಾಡಿ ಶಾರ್ಟ್ ಸೀಸನ್ ತೆಗೆದುಹಾಕಿದರು. ರಿಂಕು ಕಾಲದಲ್ಲಿ ಕೆಳ ಹಂತದ ಹುಡುಗರಿಗೆ ತಿಂಗಳಿಗೆ ಸಾವಿರ ಡಾಲರ್ ಆಸುಪಾಸು ಸಿಗುತ್ತಿತ್ತು, ಅದೂ ಸೀಸನ್ ನಡೆಯುವ ತಿಂಗಳುಗಳಲ್ಲಿ ಮಾತ್ರ.

2009ರಲ್ಲಿ ಇಬ್ಬರೂ ಫ್ಲೋರಿಡಾದ ರೂಕಿ ಲೀಗ್‌ನಲ್ಲಿ ಆಡಿದರು. ಜುಲೈನಲ್ಲಿ ರಿಂಕು ಹೆಸರಿಗೆ ಒಂದು ಗೆಲುವು ಬಂತು. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಒಬ್ಬ ಭಾರತೀಯ ಪಿಚರ್ ಪಂದ್ಯ ಗೆದ್ದಿದ್ದು ಅದೇ ಮೊದಲು. ಇಆರ್‌ಎ ಅಂತ ಒಂದು ಲೆಕ್ಕ ಇದೆ, ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು, ಪಿಚರ್ ಒಂಬತ್ತು ಇನಿಂಗ್ಸ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಸರಾಸರಿ ಎಷ್ಟು ರನ್ ಕೊಟ್ಟ ಅಂತ. ಕಡಿಮೆ ಇದ್ದಷ್ಟೂ ಒಳ್ಳೆಯದು. ಆ ವರ್ಷ ರಿಂಕು ಅವರದು 5.84, ದಿನೇಶ್ ಅವರದು 1.42! ನೋಡಿದವರು ದಿನೇಶ್ ಮೇಲೆ ಹೋಗುತ್ತಾರೆ, ರಿಂಕು ವಾಪಸ್ ಬರುತ್ತಾರೆ ಅಂತಲೇ ಹೇಳುತ್ತಿದ್ದರು. ಮರುವರ್ಷ ತಲೆಕೆಳಗಾಯಿತು. ರಿಂಕು 2.61ಕ್ಕೆ ಇಳಿದರು. ದಿನೇಶ್ ಎಂಟರ ಮೇಲೆ ಹೋದರು, 2010ರ ಡಿಸೆಂಬರ್‌ನಲ್ಲಿ ತಂಡ ಅವರನ್ನು ಕೈಬಿಟ್ಟಿತು. ಹತ್ತಿಪ್ಪತ್ತು ಇನಿಂಗ್ಸ್ ನೋಡಿ ಹುಡುಗರ ಭವಿಷ್ಯ ಹೇಳಬಾರದು ಅನ್ನುವುದಕ್ಕೆ ನಾನು ಯಾವಾಗಲೂ ಇದನ್ನೇ ತೋರಿಸುತ್ತೇನೆ.

2011 ರಿಂಕು ಪಾಲಿಗೆ ಪೂರ್ತಿ ಓಡಾಟದ ವರ್ಷ. ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಎಂಬ ಊರಿನ ತಂಡ ಸ್ಪೈಕ್ಸ್‌ನಲ್ಲಿ ಶಾರ್ಟ್ ಸೀಸನ್ ಆಡಿದರು, ಆಮೇಲೆ ಲೋ ಎ ತಂಡ ವೆಸ್ಟ್ ವರ್ಜೀನಿಯಾ ಪವರ್‌ಗೆ ಬಡ್ತಿ ಸಿಕ್ಕಿತು. ಚಳಿಗಾಲದಲ್ಲಿ ಬೇರೆಯವರು ಮನೆಗೆ ಹೋದಾಗ ಇವರು ಆಸ್ಟ್ರೇಲಿಯಾಕ್ಕೆ ಹೋಗಿ ಕ್ಯಾನ್‌ಬೆರಾ ತಂಡಕ್ಕೆ ಆಡಿದರು. ಈ ಹಂತದ ಪಂದ್ಯಗಳನ್ನು ಸ್ಟೇಟ್ ಕಾಲೇಜ್‌ನಲ್ಲಿ ನಾನು ನೋಡಿದ್ದೇನೆ. ಹೋಮ್ ಪ್ಲೇಟ್ ಹಿಂದಿನ ಸೀಟುಗಳಲ್ಲಿ, ಆ ದಿನ ಆಡದ ಪಿಚರ್‌ಗಳು ರೇಡಾರ್ ಗನ್ ಹಿಡಿದು ಕೂತಿರುತ್ತಾರೆ. ತೊಡೆ ಮೇಲೆ ಹಾಳೆ. ಯಾವ ಚೆಂಡು, ಎಷ್ಟು ವೇಗ, ಎಲ್ಲಿ ಬಿತ್ತು, ಎಲ್ಲ ಬರೆಯಬೇಕು. ಆಡುವಷ್ಟೇ ಇದೂ ಅವರ ಕೆಲಸ. ಪಂದ್ಯ ಗೆದ್ದರೋ ಸೋತರೋ ಅಂತ ಆ ಹಾಳೆಯಲ್ಲಿ ಜಾಗವೇ ಇರುವುದಿಲ್ಲ.

2012ಕ್ಕೆ ಬನ್ನಿ. ವೆಸ್ಟ್ ವರ್ಜೀನಿಯಾದಲ್ಲಿ ಪೂರ್ತಿ ಸೀಸನ್, 39 ಪಂದ್ಯ, 72 ಇನಿಂಗ್ಸ್, ಇಆರ್‌ಎ 3.00. ಇದು ಯಾರೂ ಕರುಣೆಯಿಂದ ಕೊಡುವ ಕೆಲಸ ಅಲ್ಲ. ಪ್ರಚಾರಕ್ಕೆ ಇಟ್ಟುಕೊಂಡವರಾಗಿದ್ದರೆ ಕೈಗೆ 72 ಇನಿಂಗ್ಸ್ ಕೊಡುತ್ತಿರಲಿಲ್ಲ. ಇನ್ನೊಂದು ಕಡೆಯನ್ನೂ ಹೇಳಬೇಕು. ಆಗ ಅವರಿಗೆ 24, ಆ ಲೀಗ್‌ನ ಬಹುತೇಕರು ಅವರಿಗಿಂತ ಚಿಕ್ಕವರು. ವಯಸ್ಸು ಜಾಸ್ತಿ ಆದರೆ ಸ್ಕೌಟ್‌ಗಳು, ಅಂದರೆ ತಂಡಗಳಿಗಾಗಿ ಆಟಗಾರರನ್ನು ಅಳೆಯುವವರು, ಅಂಕಿಗಳನ್ನು ಅಷ್ಟಾಗಿ ನಂಬುವುದಿಲ್ಲ. ಮೇಲೆ ಇನ್ನೂ ಮೂರು ಮೆಟ್ಟಿಲು ಬಾಕಿ ಇತ್ತು. ಆದರೂ ನನ್ನ ಪ್ರಕಾರ ಅವರಿಗೊಂದು ದಾರಿ ಇತ್ತು. ಆ ಕಾಲದಲ್ಲಿ ಹೆಚ್ಚಿನ ತಂಡಗಳು ಎಡಗೈ ಬ್ಯಾಟರ್‌ಗಳನ್ನು ಔಟ್ ಮಾಡಲು ಅಂತಲೇ ಒಬ್ಬ ಎಡಗೈ ರಿಲೀವರ್‌ನನ್ನು, ಅಂದರೆ ಪಂದ್ಯದ ನಡುವೆ ಬದಲಿಯಾಗಿ ಬಂದು ಎಸೆಯುವ ಪಿಚರ್‌ನನ್ನು, ಇಟ್ಟುಕೊಳ್ಳುತ್ತಿದ್ದವು. ಒಬ್ಬ ಬ್ಯಾಟರ್‌ಗೆ ಎಸೆದು ವಾಪಸ್ ಹೋಗಬಹುದಿತ್ತು. ಕನಿಷ್ಠ ಮೂವರಿಗೆ ಎಸೆಯಬೇಕು ಅನ್ನುವ ನಿಯಮ ಬಂದಿದ್ದು 2020ರಲ್ಲಿ. ಆ ಕೆಲಸಕ್ಕೆ ರಿಂಕು ಸರಿಯಾಗಿ ಹೊಂದುತ್ತಿದ್ದರು.

2013ರಲ್ಲಿ ಮುಂಗೈ ನೋವು ಶುರುವಾಯಿತು. ಆಮೇಲೆ ಟಾಮಿ ಜಾನ್ ಸರ್ಜರಿ, ಅಂದರೆ ಮೊಣಕೈಯಲ್ಲಿ ಹರಿದ ಲಿಗಮೆಂಟ್ ತೆಗೆದು ದೇಹದ ಬೇರೆ ಕಡೆಯ ಸ್ನಾಯುರಜ್ಜು ಕೂರಿಸುವುದು. ಚೇತರಿಸಿಕೊಳ್ಳಲು ಒಂದು ವರ್ಷದ ಮೇಲೆಯೇ ಬೇಕು. ಚಿಕ್ಕಂದಿನಿಂದ ಆಡಿದವರಿಗೂ ಅದು ಕಷ್ಟ. ನಾಲ್ಕೇ ವರ್ಷದಲ್ಲಿ ಎಲ್ಲವನ್ನೂ ಕಲಿತ ಕೈ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು, ವಯಸ್ಸು ಕಾಯಲಿಲ್ಲ. ವೆಸ್ಟ್ ವರ್ಜೀನಿಯಾ ಬಿಟ್ಟು ಮೇಲಿನ ಮೆಟ್ಟಿಲು ಅವರಿಗೆ ಸಿಗಲೇ ಇಲ್ಲ. 2018ರಲ್ಲಿ ಡಬ್ಲ್ಯೂಡಬ್ಲ್ಯೂಇ ಸೇರಿದರು. ಅಲ್ಲಿ ವೀರ್ ಮಹಾನ್ ಹೆಸರಲ್ಲಿ ಕುಸ್ತಿ ಆಡಿದ್ದು ಇವರೇ.

ಹೊಗಳುವುದು ಯಾಕೆ ಅಂದರೆ ಇದಕ್ಕೇ. ಇಪ್ಪತ್ತನೇ ವಯಸ್ಸಲ್ಲಿ ಮೊದಲ ಸಲ ಬೇಸ್‌ಬಾಲ್ ಹಿಡಿದು ಲೋ ಎ ತಂಡದಲ್ಲಿ ಮೂರರ ಇಆರ್‌ಎ ತೆಗೆಯುವುದು ಸುಮ್ನೆ ಆಗುವ ಕೆಲಸ ಅಲ್ಲ.

ಈಗ ಯಾರನ್ನು ನೋಡಬೇಕು ಅಂತ ಕೇಳಿದರೆ ಅರ್ಜುನ್ ನಿಮ್ಮಲ. ತಂದೆ ತಾಯಿ ಭಾರತದಿಂದ ಹೋದವರು, ಹುಡುಗ ಫ್ಲೋರಿಡಾದಲ್ಲಿ ಬೆಳೆದವನು, ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್. 2023ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಟೊರಾಂಟೊ ಬ್ಲೂ ಜೇಸ್ ಮೊದಲ ಸುತ್ತಿನಲ್ಲೇ, 20ನೇ ಆಯ್ಕೆಯಾಗಿ ತೆಗೆದುಕೊಂಡಿತು. ಆಗ ವಯಸ್ಸು 17. ಮರುವರ್ಷ ಲೋ ಎ ತಂಡ ಡನೀಡನ್‌ನಲ್ಲಿ ಶುರುವಿಗೆ ಬಹಳ ಒದ್ದಾಡಿದ. ಕೆಳಗೆ ಕಳಿಸಿ ಬ್ಯಾಟಿಂಗ್ ತಿದ್ದಿದರು. ವಾಪಸ್ ಬಂದವನೇ ಹೋಮ್ ರನ್ ಹೊಡೆಯಲು ಶುರು ಮಾಡಿದ. 2025ರಲ್ಲಿ 19ರ ವಯಸ್ಸಿಗೇ ವ್ಯಾಂಕೂವರ್‌ನಲ್ಲಿ ಹೈ ಎ ಆಡಿದ. ಅವನ ಬ್ಯಾಟಿಂಗ್ ಸರಾಸರಿ ಬಿಡಿ, ಸ್ಟ್ರೈಕ್‌ಔಟ್, ಅಂದರೆ ಚೆಂಡು ಹೊಡೆಯಲಾಗದೆ ಔಟ್ ಆಗುವುದು, ಎಷ್ಟು ಕಡಿಮೆ ಆಗುತ್ತಿದೆ ಅಂತ ಗಮನಿಸಿ.