ಹಿತ್ತಲಿನ ಹಾವಸೆ: ಗುರುತು ಮತ್ತು ಆರೈಕೆ

ಪ್ರಶ್ನೆ: ನಮ್ಮ ಮನೆಯ ಹಿಂದಿನ ಗೋಡೆಯ ಬುಡದಲ್ಲಿ, ಹಳೆಯ ಕುಂಡಗಳ ಅಂಚಿನಲ್ಲಿ, ಮರದ ಕಾಂಡದ ಮೇಲೆ ಬೇರೆ ಬೇರೆ ಬಗೆಯ ಹಸಿರು ಹಬ್ಬಿದೆ. ಇವುಗಳಲ್ಲಿ ಹಾವಸೆ ಯಾವುದು, ಪಾಚಿ ಯಾವುದು? ಅದು ಸ್ಥಳೀಯ ಜಾತಿಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಒಂದು ಭೂತಗನ್ನಡಿ ಮತ್ತು ಒಂದಿಷ್ಟು ನೀರು ಇದ್ದರೆ ಈ ಕೆಲಸದ ಬಹುಭಾಗವನ್ನು ನೀವೇ ಮಾಡಬಹುದು. ಒಣಗಿದ ಹಾವಸೆಯ ಎಲೆಗಳು ಮುದುಡಿಕೊಂಡಿರುವುದರಿಂದ ಅದರ ಆಕಾರ ತಿಳಿಯುವುದಿಲ್ಲ. ಮೊದಲು ನೀರು ಚಿಮುಕಿಸಿ, ಕೆಲವು ನಿಮಿಷ ಬಿಟ್ಟು ನೋಡಿರಿ. ಪುಟ್ಟ ಕಾಂಡವೂ ಅದರ ಸುತ್ತ ತೆಳುವಾದ ಎಲೆಗಳೂ ಕಂಡರೆ ಅದು ಹಾವಸೆ. ಕಾಂಡ, ಎಲೆ ಯಾವುದೂ ಇಲ್ಲದೆ ಲೋಳೆಯಾಗಿ ಅಥವಾ ಪುಡಿಯಾಗಿ ಅಂಟಿಕೊಂಡಿದ್ದರೆ ಪಾಚಿ. ಮರದ ತೊಗಟೆಯನ್ನು ಕಚ್ಚಿಕೊಂಡ ಬೂದುಹಸಿರು ಬಣ್ಣದ ಚಕ್ಕೆಗಳು ಕಲ್ಲುಹೂವು; ಅದು ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಜೀವಿ. ನರ್ಸರಿಗಳಲ್ಲಿ ಕೆಲವೊಮ್ಮೆ ಹಾವಸೆಯೆಂದು ಕೊಡುವ ಸೆಲಾಜಿನೆಲ್ಲಾಕ್ಕೆ ನಿಜವಾದ ಬೇರುಗಳೂ ನೀರು ಸಾಗಿಸುವ ನಾಳಗಳೂ ಇರುವುದರಿಂದ ಅದು ಹಾವಸೆಯಲ್ಲ.

ಹಾವಸೆಯೆಂದು ಖಚಿತವಾದ ಮೇಲೆ ಅದು ಬೆಳೆಯುವ ಬಗೆಯನ್ನು ಗಮನಿಸಿರಿ. ಕಾಂಡಗಳು ಒತ್ತೊತ್ತಾಗಿ ನೆಟ್ಟಗೆ ನಿಂತು, ಬೀಜಾಣು ಚೀಲವನ್ನು ಹೊತ್ತ ತೊಟ್ಟು ಕಾಂಡದ ತುದಿಯಿಂದ ಎದ್ದಿದ್ದರೆ ಅದು ಒಂದು ಗುಂಪು. ಕಾಂಡಗಳು ಕವಲೊಡೆಯುತ್ತ ನೆಲದ ಮೇಲೆ ಹರಿದು, ತೊಟ್ಟು ಕಾಂಡದ ಪಕ್ಕದಿಂದ ಹೊರಟಿದ್ದರೆ ಇನ್ನೊಂದು. ಆರೈಕೆಯ ದೃಷ್ಟಿಯಿಂದ ಜಾತಿಯ ಹೆಸರಿಗಿಂತ ಈ ವ್ಯತ್ಯಾಸವೇ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಆದರೂ ಕೆಲವು ಹೆಸರುಗಳನ್ನು ಸುಲಭವಾಗಿ ಕಲಿಯಬಹುದು. ಕಲ್ಲುಹಾಸಿನ ಸಂದುಗಳಲ್ಲಿ ಬೆಳ್ಳಿಯ ಹೊಳಪಿನಿಂದ ಕಾಣುವುದು ಬಹುತೇಕ ಬ್ರಯಮ್ ಅರ್ಜೆಂಟಿಯಮ್. ಅದು ಅಂಟಾರ್ಕ್ಟಿಕಾ ಸೇರಿದಂತೆ ಎಲ್ಲ ಖಂಡಗಳಲ್ಲಿಯೂ ಇದೆ. ಕಸ ಸುಟ್ಟ ಜಾಗದಲ್ಲಿ ಗುಂಪಾಗಿ ಹುಟ್ಟಿ, ಗಾಳಿಯ ತೇವಕ್ಕೆ ತಕ್ಕಂತೆ ತನ್ನ ತೊಟ್ಟನ್ನು ತಿರುಚುವುದು ಫ್ಯುನೇರಿಯಾ ಹೈಗ್ರೊಮೆಟ್ರಿಕಾ. ಎಲೆಗಳು ಎರಡೇ ಸಾಲಿನಲ್ಲಿ ಚಪ್ಪಟೆಯಾಗಿ ಜೋಡಿಸಿಕೊಂಡಿದ್ದರೆ ಅದು ಫಿಸಿಡೆನ್ಸ್ ಕುಲದ್ದಾಗಿರುವ ಸಂಭವ ಹೆಚ್ಚು.

ಜಗತ್ತಿನಲ್ಲಿ ಸುಮಾರು 12,000 ಜಾತಿಯ ಹಾವಸೆಗಳಿವೆ; ಅನೇಕವನ್ನು ಎಲೆಯ ಜೀವಕೋಶಗಳ ಆಕಾರ ನೋಡಿಯೇ ನಿರ್ಧರಿಸಬೇಕಾಗುವುದರಿಂದ ಸೂಕ್ಷ್ಮದರ್ಶಕವಿಲ್ಲದೆ ಆಗದು. ಆದರೆ ಯಾರೂ ತಂದು ನೆಡದೆ, ಗಾಳಿಯಲ್ಲಿ ಬಂದ ಬೀಜಾಣುಗಳಿಂದ ತಾನಾಗಿ ಹುಟ್ಟಿದ ಹಾವಸೆ ಸಾಮಾನ್ಯವಾಗಿ ಆ ಸುತ್ತಮುತ್ತಲಿನದೇ ಆಗಿರುತ್ತದೆ. ಅಪವಾದಗಳಿಲ್ಲವೆಂದಲ್ಲ: ದಕ್ಷಿಣಾರ್ಧಗೋಳದ ಕ್ಯಾಂಪಿಲೋಪಸ್ ಇಂಟ್ರೋಫ್ಲೆಕ್ಸಸ್ ಎಂಬ ಹಾವಸೆ 20ನೆಯ ಶತಮಾನದಲ್ಲಿ ಯುರೋಪನ್ನು ಸೇರಿ, ಅಲ್ಲಿನ ಮರಳು ದಿಬ್ಬಗಳಲ್ಲಿ ಸ್ಥಳೀಯ ಸಸ್ಯಗಳ ಜಾಗವನ್ನು ಆಕ್ರಮಿಸಿತು. ಹೊರಗಿನ ಹಾವಸೆಯನ್ನು ಕೊಂಡು ತರಬೇಡಿರಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ನೆರಳಿನಲ್ಲಿ ಹುಲ್ಲು ಬೆಳೆಯದ ಒಂದು ಜಾಗವಿದೆ. ಹಾವಸೆಯನ್ನು ಮಜ್ಜಿಗೆಯಲ್ಲಿ ಅರೆದು ಬಳಿದರೆ ಬೇಗ ಹಬ್ಬುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಮಜ್ಜಿಗೆಯ ಅಗತ್ಯವಿಲ್ಲ. ಹಾವಸೆ ಬೆಳಕಿನಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಮಜ್ಜಿಗೆಯಿಂದ ಕೊಬ್ಬುವುದು ಬೂಷ್ಟು ಮತ್ತು ಬ್ಯಾಕ್ಟೀರಿಯಾ. ಈ ವಿಧಾನದಲ್ಲಿ ಹಾವಸೆ ಚಿಗುರಿದರೆ ಅದಕ್ಕೆ ಕಾರಣ ಅದರ ಚೂರುಗಳು, ಏಕೆಂದರೆ ಕಾಂಡದ ಅಥವಾ ಎಲೆಯ ಸಣ್ಣ ತುಣುಕಿನಿಂದಲೂ ಹೊಸ ಸಸ್ಯ ಹುಟ್ಟಬಲ್ಲುದು.

ನೀವು ಮೊದಲು ನೋಡಬೇಕಾದದ್ದು ತಳದ ಹೋಲಿಕೆಯನ್ನು. ಸಿಮೆಂಟ್ ಗೋಡೆಯ ಮೇಲಿನ ಹಾವಸೆಗೆ ಸುಣ್ಣದ ಅಂಶ ಒಗ್ಗಿರುತ್ತದೆ. ಅದನ್ನು ಹುಳಿಮಣ್ಣಿಗೆ ತಂದರೆ ಉಳಿಯುವ ಭರವಸೆ ಕಡಿಮೆ. ಮಣ್ಣಿನದನ್ನು ಮಣ್ಣಿಗೆ, ಕಲ್ಲಿನದನ್ನು ಕಲ್ಲಿಗೆ, ಅದೇ ಪ್ರಮಾಣದ ನೆರಳಿಗೆ ಸಾಗಿಸಿರಿ. ಬಿದ್ದ ಎಲೆ, ಕಳೆ, ಕಡ್ಡಿಗಳನ್ನು ತೆಗೆದ ನಂತರ ನೆಲವನ್ನು ಅಗೆಯದೆ, ಗೊಬ್ಬರ ಬೆರೆಸದೆ, ತಟ್ಟಿ ಗಟ್ಟಿ ಮಾಡಿ ಚೆನ್ನಾಗಿ ನೆನೆಸಿರಿ. ನಿಮ್ಮದೇ ಹಿತ್ತಲಿನಿಂದ ಸಣ್ಣ ಹಿಡಿಯಷ್ಟು ಹಾವಸೆ ತೆಗೆದು, ಕೈಯಿಂದ ಪುಡಿಮಾಡಿ ತೆಳುವಾಗಿ ಉದುರಿಸಿ, ಅಂಗೈಯಿಂದ ಬಲವಾಗಿ ಒತ್ತಿರಿ. ನೆಲದಲ್ಲಿ ಹರಿಯುವ ಬಗೆಯದು ಹೀಗೆ ಚೂರುಗಳಿಂದ ಬೇಗ ಹಬ್ಬುತ್ತದೆ. ನೆಟ್ಟಗೆ ನಿಲ್ಲುವ ಬಗೆಯದನ್ನು ಸಣ್ಣ ಹೆಂಟೆಗಳಾಗಿಯೇ ಕೂರಿಸುವುದು ಮೇಲು. ಕಾಡಿನಿಂದ ಕಿತ್ತು ತರಬೇಡಿರಿ. ಅಲ್ಲಿ ಖಾಲಿಯಾದ ಜಾಗ ಮತ್ತೆ ತುಂಬಲು ಎಷ್ಟೋ ವರ್ಷಗಳು ಬೇಕಾಗುತ್ತವೆ, ಮತ್ತು ಅದನ್ನು ನಂಬಿ ಬದುಕಿದ ಸಣ್ಣ ಜೀವಿಗಳು ಅದರೊಂದಿಗೇ ಹೋಗುತ್ತವೆ.

ಮೊದಲ ಕೆಲವು ವಾರ ಬೆಳಿಗ್ಗೆ ನೀರನ್ನು ಮಂಜಿನಂತೆ ಸಿಂಪಡಿಸಿರಿ. ಮಳೆನೀರು ಉತ್ತಮ, ಗಡಸು ನೀರು ಆರಿದಾಗ ಎಲೆಗಳ ಮೇಲೆ ಲವಣ ಉಳಿಯುತ್ತದೆ. ಈ ಅವಧಿಯಲ್ಲಿ ಮಣ್ಣಿನ ಮೇಲೆ ಹಸಿರು ಎಳೆಗಳ ತೆಳುವಾದ ಪದರ ಕಾಣಿಸಿಕೊಂಡರೆ ಅದನ್ನು ಪಾಚಿಯೆಂದು ಕೆರೆದು ಹಾಕಬೇಡಿರಿ. ಅದು ಹಾವಸೆಯ ಮೊದಲ ಅವಸ್ಥೆಯೇ ಆಗಿರಬಹುದು. ಎಲೆಯುಳ್ಳ ಕಾಂಡಗಳು ಮೊಳೆಯುವುದು ಅದರಿಂದಲೇ. ಇಲ್ಲಿಗೇ ಕೈಬಿಟ್ಟು ಎಲ್ಲವನ್ನೂ ತೊಳೆದು ಹಾಕುವವರು ಬಹಳ ಮಂದಿ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಜಪಾನಿನ ಕ್ಯೋಟೊ ನಗರದ ಸೈಹೋಜಿ ದೇವಾಲಯದ ತೋಟದಲ್ಲಿ ಸುಮಾರು 120 ಬಗೆಯ ಹಾವಸೆಗಳಿವೆ. ಅವುಗಳನ್ನು ಯೋಜನೆ ಹಾಕಿ ನೆಟ್ಟವರಿಲ್ಲ, ನಿರ್ವಹಣೆ ತಪ್ಪಿದ ಕಾಲದಲ್ಲಿ ನೆರಳೂ ತೇವವೂ ಒದಗಿದ್ದರಿಂದ ಅವೇ ಬಂದು ನೆಲೆಸಿದವು.

ಪ್ರಶ್ನೆ: ಬೇಸಿಗೆಯಲ್ಲಿ ಹಾವಸೆ ಕಂದಾಗಿ ಗರಿಗರಿಯಾಗಿದೆ. ಸತ್ತಿದೆಯೇ? ದಿನವೂ ನೀರು ಹಾಕಬೇಕೇ?

ಉತ್ತರ: ಬಹುಶಃ ಸತ್ತಿಲ್ಲ. ಹಾವಸೆಗೆ ನಿಜವಾದ ಬೇರಿಲ್ಲ, ಹೆಚ್ಚಿನವುಗಳ ಎಲೆಯ ದಪ್ಪ ಒಂದೇ ಜೀವಕೋಶದಷ್ಟು; ಅದು ಮೈಯಿಂದಲೇ ನೀರು ಹೀರುತ್ತದೆ, ಗಾಳಿ ಒಣಗಿದಾಗ ತಾನೂ ಒಣಗಿ ಜೀವಕ್ರಿಯೆಯನ್ನು ತಡೆಹಿಡಿಯುತ್ತದೆ. ನೀರು ಹನಿಸಿದ ಕೆಲವು ನಿಮಿಷಗಳಲ್ಲಿ ಎಲೆ ಬಿಚ್ಚಿಕೊಂಡರೆ ಆತಂಕ ಬೇಡ. ಉರಿಬಿಸಿಲಿನಲ್ಲಿ ಸ್ವಲ್ಪ ಸ್ವಲ್ಪವೇ ನೀರು ತೋರಿಸುವುದು ಮಾತ್ರ ಹಾನಿಕರ: ಪ್ರತಿ ಸಲ ಎಚ್ಚರಗೊಳ್ಳಲು ಅದು ಕೂಡಿಟ್ಟ ಶಕ್ತಿಯನ್ನು ಖರ್ಚು ಮಾಡುತ್ತದೆ, ಅದನ್ನು ಮರಳಿ ಗಳಿಸುವ ಮೊದಲೇ ಮತ್ತೆ ಒಣಗುತ್ತದೆ. ಒಂದೋ ಕೆಲವು ಗಂಟೆಗಳ ಕಾಲ ಒದ್ದೆಯಾಗಿರುವಂತೆ ತಂಪು ಹೊತ್ತಿನಲ್ಲಿ ನೀರು ಕೊಡಿರಿ, ಇಲ್ಲವೇ ಮಳೆ ಬರುವವರೆಗೆ ಒಣಗಿಯೇ ಇರಲು ಬಿಡಿರಿ. ನೆಟ್ಟಗೆ ನಿಲ್ಲುವ ಬಗೆಯವು ನಡುನಡುವೆ ಒಣಗಲೇಬೇಕು, ಸದಾ ನೆನೆದಿದ್ದರೆ ಕೊಳೆಯುತ್ತವೆ.

ಪ್ರಶ್ನೆ: ಹಾವಸೆಯಿಂದ ಮರಕ್ಕೂ ಗೋಡೆಗೂ ಕೆಡುಕೆಂದು ಮನೆಯ ಹಿರಿಯರು ಹೇಳುತ್ತಾರೆ. ತೆಗೆಯಬೇಕೇ?

ಉತ್ತರ: ಮರಕ್ಕೆ ತೊಂದರೆಯಿಲ್ಲ, ಹಾವಸೆ ತೊಗಟೆಯನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಮರದಿಂದ ಆಹಾರ ಪಡೆಯುವುದಿಲ್ಲ. ಗೋಡೆಯ ವಿಷಯದಲ್ಲಿ ಹಿರಿಯರ ಮಾತನ್ನು ತಳ್ಳಿಹಾಕಲಾಗದು: ಹಾವಸೆ ತೇವವನ್ನು ಹಿಡಿದಿಡುತ್ತದೆ, ಮತ್ತು ಒಂದೇ ಕಡೆ ದಟ್ಟವಾಗಿ ಬೆಳೆದಿದ್ದರೆ ಅಲ್ಲಿ ನೀರು ಸೋರುತ್ತಿದೆಯೇ ಎಂದು ಪರೀಕ್ಷಿಸಬೇಕು. ಮೆಟ್ಟಿಲು ಮತ್ತು ನಡೆಯುವ ದಾರಿಯಲ್ಲಿ ಕಾಲು ಜಾರುವುದರಿಂದ ಅಲ್ಲಿನದನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೆಗೆದು, ಆ ಚೂರುಗಳನ್ನು ತೋಟದ ಕಲ್ಲುಗಳ ಸಂದಿಗೆ ಉದುರಿಸಬಹುದು. ಮೈಲುತುತ್ತ ಅಥವಾ ಕಬ್ಬಿಣದ ಸಲ್ಫೇಟ್ ಸುರಿದರೆ ಅದು ಹರಿದು ಹೋದ ದಾರಿಯಲ್ಲಿರುವ ಹಾವಸೆಯೂ ಸಾಯುತ್ತದೆ. ಗಿಡಗಳಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿಯೂ ತಾಮ್ರವಿರುವುದರಿಂದ, ಸಿಂಪಡಿಸುವ ದಿನ ಹತ್ತಿರದ ಹಾವಸೆಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿಡಿರಿ.